ಒಂದು ಮಗುವಿಗೆ ಐದು ಡೋನರ್ ಸಾಕು

ಓ ಪಾಸಿಟಿವ್ ಮಗುವಿಗೆ ಓ ಪಾಸಿಟಿವ್ ರಕ್ತವೇ ಹೊಂದಲಿಲ್ಲ ಅಂದರೆ ಹೊರಗಿನವರು ನಂಬಲ್ಲ. ಬ್ಲಡ್ ಬ್ಯಾಂಕಿನಲ್ಲಿರುವ ನಿಮಗೆ ಗೊತ್ತಿರುತ್ತೆ ಬಿಡಿ. ರಾಮನಗರದ ಕಡೆಯ ಏಳು ವರ್ಷದ ಹುಡುಗಿ, ಥಲಸೇಮಿಯಾ (ಮೈಯಲ್ಲಿ ಸರಿಯಾಗಿ ರಕ್ತ ಆಗದ ಹುಟ್ಟು ಕಾಯಿಲೆ), ರಕ್ತ ಹಾಕಿಸಿಕೊಳ್ಳೋಕೆ ಮೂರು ವಾರಕ್ಕೊಮ್ಮೆ ಬೆಂಗಳೂರಿಗೆ ಬರುತ್ತಾಳೆ. ಅವತ್ತು ಆರು ಬ್ಯಾಗ್ ಕ್ರಾಸ್‌ಮ್ಯಾಚ್ ಮಾಡಿದೆ, ಅಂದರೆ ಅವಳ ರಕ್ತಕ್ಕೆ ಹೊಂದುತ್ತಾ ಅಂತ ನೋಡಿದೆ, ಆರೂ ಆಂಟಿಬಾಡಿ ಹಿಡಿಯುವ ಕೂಂಬ್ಸ್ ಟೆಸ್ಟ್‌ನಲ್ಲಿ ಕೈಕೊಟ್ಟವು. ಓ ಪಾಸಿಟಿವ್ ಅನ್ನೋದರ ಜೊತೆ ರಕ್ತಕಣದ ಮೇಲೆ ಚಿಕ್ಕ ಸಿ (c), ದೊಡ್ಡ ಇ (E) ಅಂತ ಬೇರೆ ಗುರುತುಗಳೂ ಇರುತ್ತವೆ, ಹಿಂದೆ ಹಾಕಿಸಿಕೊಂಡ ರಕ್ತದಿಂದ ಮಗುವಿನಲ್ಲಿ ಆ ಎರಡಕ್ಕೂ ಆಂಟಿಬಾಡಿ ಬೆಳೆದಿತ್ತು. ಅವರಮ್ಮ ಬೆಳಿಗ್ಗೆಯಿಂದ ಕಿಟಕಿ ಹತ್ತಿರವೇ ನಿಂತಿದ್ದರು. "ಇವತ್ತಾದ್ರೂ ಸಿಗುತ್ತಾ ಮೇಡಂ?"

ಮೊದಲು ಫ್ರಿಜ್‌ನಲ್ಲಿದ್ದ ಬ್ಯಾಗ್‌ಗಳನ್ನೇ ಟೆಸ್ಟ್ ಮಾಡಿದೆ. ಟೆಸ್ಟ್ ಮಾಡುವ ಕಾರ್ಡಿಗೆ 400 ರೂಪಾಯಿ ಹತ್ತಿರ, ಒಂದೇ ತಿಂಗಳಲ್ಲಿ 14 ಸಾವಿರ ಹೋಯಿತು. ಹೊಂದಿದ ಬ್ಯಾಗ್ ರಾತ್ರಿ ಪಾಳಿಯಲ್ಲಿ ಯಾವುದೋ ಎಮರ್ಜೆನ್ಸಿಗೆ ಹೋಗಿರುತ್ತಿತ್ತು. ನಮ್ಮಂಥ ಚಿಕ್ಕ ಬ್ಲಡ್ ಬ್ಯಾಂಕಿಗೆ ಇದೆಲ್ಲ ಆಗಿಬರಲ್ಲ ಅಂತ ಎಲ್ಲರೂ ಹೇಳಿದರು.

ಆಮೇಲೆ ಹೊಳೆಯಿತು. ಬ್ಯಾಗ್ ಮುಗಿದುಹೋಗುತ್ತೆ, ಡೋನರ್ ಮತ್ತೆ ಬರುತ್ತಾರೆ, ಅವರ ಆಂಟಿಜನ್, ಅಂದರೆ ಕಣದ ಮೇಲಿನ ಆ ಗುರುತುಗಳು, ಬದಲಾಗಲ್ಲ ಅಲ್ವಾ? ತಪ್ಪದೆ ಬರುವ 60 ಓ ಪಾಸಿಟಿವ್ ಗಂಡಸರ ಫಿನೋಟೈಪ್, ಅಂದರೆ ಯಾರಲ್ಲಿ ಯಾವ ಗುರುತಿದೆ ಅನ್ನೋ ಪರೀಕ್ಷೆ, ಮಾಡಿಸಿದೆ. ಖರ್ಚು 24 ಸಾವಿರ ಚಿಲ್ಲರೆ, ಅದೂ ಒಂದೇ ಸಲ. ಚಿಕ್ಕ ಸಿ, ದೊಡ್ಡ ಇ, ಕೆಲ್ ಅನ್ನೋ ಇನ್ನೊಂದು ಗುರುತು, ಮೂರೂ ಇಲ್ಲದವರು 20ಕ್ಕಿಂತ ಜಾಸ್ತಿ ಸಿಕ್ಕಿದರು. ಮಗುವಿಗೆ ವರ್ಷಕ್ಕೆ 17 ಬ್ಯಾಗ್ ಬೇಕು, ಒಬ್ಬರು 90 ದಿನಕ್ಕೊಮ್ಮೆ ಕೊಟ್ಟರೆ ವರ್ಷಕ್ಕೆ ನಾಲ್ಕು. ಐದು ಜನ ಸಾಕು, ಜ್ವರ, ಊರು, ಹಬ್ಬ ಅಂತ ನಾನು ಎಂಟು ಜನ ಇಟ್ಟುಕೊಂಡೆ.

ಮಗುವಿನದೇ ಫಿನೋಟೈಪ್ ನೋಡುವಾಗ ಮಾತ್ರ ಎರಡು ಸಲ ಮೋಸ ಹೋದೆ. ಹಳೆಯ ಡೋನರ್‌ಗಳ ಕಣ ಬೆರೆತು, ಕಾರ್ಡಿನ ಜೆಲ್‌ನಲ್ಲಿ ಗಂಟುಕಟ್ಟಿದ ಕಣದ್ದು ಮೇಲೊಂದು ಕೆಂಪು ಗೆರೆ, ಗಂಟುಕಟ್ಟದ ಕಣದ್ದು ತಳದಲ್ಲೊಂದು ಗುಂಡಿ. ಅದನ್ನು ಹೇಗೆ ಬಿಡಿಸಿಕೊಂಡೆ ಅನ್ನೋದು ಬೆಂಚಿನ ಮುಂದೆ ಕೂರಿಸಿಯೇ ತೋರಿಸಬೇಕು, ಇಲ್ಲಿ ಬರೆಯಲ್ಲ.

ಇದರ ಮಧ್ಯೆ ಸುಮ್ನೆ ಕುತೂಹಲಕ್ಕೆ ಆ 60 ಜನರ ಸೀರಂ (ರಕ್ತದ ತಿಳಿನೀರು) ಜೊತೆ ಓ ಕಣಗಳನ್ನೂ ಹಾಕಿ ನೋಡಿದೆ. ಚಾಮರಾಜಪೇಟೆಯ ಒಬ್ಬ ಆಟೋ ಚಾಲಕರದು ಗಟ್ಟಿಯಾಗಿ ಗಂಟುಕಟ್ಟಿತು. ಅವರ ಕಣಕ್ಕೆ ಎಚ್ ಅನ್ನೋ ಗುರುತನ್ನು ಹಿಡಿಯುವ ಆಂಟಿ ಎಚ್ ಹಾಕಿದರೆ ಏನೂ ಇಲ್ಲ. ಬಾಂಬೆ ಗ್ರೂಪ್, ಓ ರಕ್ತದಲ್ಲಿರುವ ಎಚ್ ಕೂಡ ಇಲ್ಲದ ಅಪರೂಪದ ಗುಂಪು! 1952ರಲ್ಲಿ ಬಾಂಬೆಯಲ್ಲಿ ಪತ್ತೆಯಾಯಿತಲ್ಲ, ಅದೇ. ಅವರ ರಕ್ತದ ಕೆಂಪು ಕಣ ಓ ಅಂತ ಬೇರೆಯವರಿಗೆ ಹೋದರೆ ಸಾಮಾನ್ಯವಾಗಿ ತೊಂದರೆ ಆಗಲ್ಲ, ಹಾಗಾಗಿ ಅಷ್ಟು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಅವರಿಗೇ ಓ ಹಾಕಿದ್ದರೆ ಜೀವಕ್ಕೇ ಅಪಾಯವಿತ್ತು. ಕಾರ್ಡ್ ಬರೆದು ಕೊಟ್ಟಿದ್ದೇನೆ, ಲೈಸೆನ್ಸ್ ಜೊತೆಯಲ್ಲೇ ಇಟ್ಟುಕೊಂಡು ಓಡಾಡುತ್ತಾರೆ.

ಹುಡುಗಿಗೆ ಈಗ 14 ತಿಂಗಳಿಂದ ಹೊಸ ಆಂಟಿಬಾಡಿ ಬಂದಿಲ್ಲ. ಬ್ಯಾಗ್ ಮೊದಲೇ ರೆಡಿ ಇರುತ್ತೆ, ಸಂಜೆಯ ರೈಲಿಗೆ ಊರಿಗೆ ಹೊರಡುತ್ತಾರೆ. ಎ ಪಾಸಿಟಿವ್ ಪಟ್ಟಿ ಶುರು ಮಾಡಿದ್ದೇನೆ, ಸದ್ಯಕ್ಕೆ 11 ಜನ.