ತೂಗಾಡುವ ಭಾರಕ್ಕೆ ತಂತಿ ಎಷ್ಟು ಹಿಗ್ಗುತ್ತದೆ? ಲೆಕ್ಕ ಹಾಕಿ, ಅಳೆದು ನೋಡಿದ ಅನುಭವ

ಪ್ರಥಮ ಪಿಯುಸಿ ತರಗತಿಯಲ್ಲಿ ಯಂಗ್ ಗುಣಾಂಕವನ್ನು (ಒಂದು ವಸ್ತು ಎಳೆತಕ್ಕೆ ಎಷ್ಟು ಹಿಗ್ಗದೆ ನಿಲ್ಲುತ್ತದೆ ಎಂಬುದರ ಅಳತೆ) ಕಲಿಸುವಾಗ ಅಲುಗಾಡದೆ ನಿಂತ ತೂಕದ ಲೆಕ್ಕವನ್ನಷ್ಟೇ ಮಾಡಿಸುವುದು ವಾಡಿಕೆ. ಆದರೆ ಕೊಡಗಿನ ತೋಟಗಳಿಂದ ಬರುವ ವಿದ್ಯಾರ್ಥಿಗಳು ಮರಗಸಿಯ (ನೆರಳಿನ ಮರಗಳ ಕೊಂಬೆ ಕಡಿಯುವ) ಕಾಲದಲ್ಲಿ ಹಗ್ಗಕ್ಕೆ ಕಟ್ಟಿದ ಕೊಂಬೆ ಕಡಿದೊಡನೆ ಜೋರಾಗಿ ತೂಗಾಡುವುದನ್ನು ಕಂಡವರು. ತೂಗಾಡುವಾಗ ಹಗ್ಗದ ಮೇಲೆ ಹೆಚ್ಚು ಭಾರ ಬೀಳುತ್ತದೆಯೇ ಎಂದು ಅವರು ಕೇಳಿದ್ದರಿಂದಲೇ ನಾನು ಈ ಪ್ರಯೋಗಕ್ಕೆ ಕೈಹಾಕಿದೆ. ಮಡಿಕೇರಿಯ ಸಮೀಪ ಸ್ನೇಹಿತರೊಬ್ಬರ ಎತ್ತರದ ಕಾಫಿ ಗೋದಾಮು ಅದಕ್ಕೆ ಒದಗಿಬಂತು.

5 ಮೀಟರ್ ಉದ್ದದ, 1 ಮಿಲಿಮೀಟರ್ ವ್ಯಾಸದ ಉಕ್ಕಿನ ತಂತಿಗೆ 10 ಕಿಲೋಗ್ರಾಂ ತೂಕವನ್ನು ಕಟ್ಟಿದೆ. ಉಕ್ಕಿನ ಯಂಗ್ ಗುಣಾಂಕ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 2,00,000 ನ್ಯೂಟನ್. ನಿಂತ ತೂಕದ ಎಳೆತ 98 ನ್ಯೂಟನ್ ಆದ್ದರಿಂದ, ಎಳೆತವನ್ನು ಉದ್ದದಿಂದ ಗುಣಿಸಿ, ಅಡ್ಡಕೊಯ್ತದ ವಿಸ್ತೀರ್ಣ ಮತ್ತು ಯಂಗ್ ಗುಣಾಂಕಗಳ ಗುಣಲಬ್ಧದಿಂದ ಭಾಗಿಸಿದರೆ 3.1 ಮಿಲಿಮೀಟರ್ ಹಿಗ್ಗು ಬರುತ್ತದೆ.

ತೂಗಾಡುವ ತೂಕ ಅತ್ಯಂತ ಕೆಳಗಿನ ಬಿಂದುವನ್ನು ಹಾಯುವಾಗ ತಂತಿಯು ತೂಕವನ್ನು ಹೊರುವುದರ ಜೊತೆಗೆ ಅದನ್ನು ವೃತ್ತಪಥದಲ್ಲಿ ಬಾಗಿಸಲು ಬೇಕಾದ ಕೇಂದ್ರಾಭಿಮುಖ ಬಲವನ್ನೂ ಕೊಡಬೇಕು. ಶಕ್ತಿಯ ಸಂರಕ್ಷಣೆಯಿಂದ ವೇಗವನ್ನು ಕಂಡುಕೊಂಡರೆ, ಅಲ್ಲಿನ ಎಳೆತವು ತೂಕದ (3 − 2 ಕಾಸ್ θ) ಪಟ್ಟು ಎಂದು ಸಿಗುತ್ತದೆ. θ ಎಂದರೆ ತೂಕವನ್ನು ಬಿಡುವಾಗ ತಂತಿಯು ನೇರ ಕೆಳಮುಖ ದಿಕ್ಕಿನಿಂದ ವಾಲಿರುವ ಕೋನ. ಈ ಸೂತ್ರದಲ್ಲಿ ಉದ್ದವೇ ಇಲ್ಲ ಎಂಬುದು ನನಗೆ ಇಂದಿಗೂ ಸೊಗಸೆನಿಸುತ್ತದೆ: ತಂತಿ ಗಿಡ್ಡವಿರಲಿ ಉದ್ದವಿರಲಿ, 60 ಡಿಗ್ರಿಯಿಂದ ಬಿಟ್ಟರೆ ಎಳೆತ ಎರಡು ಪಟ್ಟು, 90 ಡಿಗ್ರಿಯಿಂದ ಬಿಟ್ಟರೆ ಮೂರು ಪಟ್ಟು. ನಮ್ಮ ತಂತಿಯ ಹಿಗ್ಗು ಕ್ರಮವಾಗಿ 6.2 ಮತ್ತು 9.4 ಮಿಲಿಮೀಟರ್ ಆಗಬೇಕು.

ತಂತಿಯ ಮೇಲಿನ ತೂಕ ತಾನೇ ಮೇಲಕ್ಕೂ ಕೆಳಕ್ಕೂ ಕಂಪಿಸುವ ಅವಧಿ ಸುಮಾರು 0.11 ಸೆಕೆಂಡು, ತೂಗಾಟದ ಅವಧಿಯಾದರೋ 4.5 ಸೆಕೆಂಡು. ಎಳೆತ ಇಷ್ಟು ನಿಧಾನವಾಗಿ ಬದಲಾಗುವುದರಿಂದಲೇ ಸ್ಥಿರ ಭಾರದ ಸೂತ್ರವನ್ನು ಇಲ್ಲಿ ನಂಬಬಹುದು.

60 ಡಿಗ್ರಿಯಲ್ಲಿ ತಂತಿಯ ಪೀಡನವು, ಅಂದರೆ ಅಡ್ಡಕೊಯ್ತದ ಮೇಲೆ ಹಂಚಿಕೊಳ್ಳುವ ಎಳೆತವು, ಪ್ರತಿ ಚದರ ಮಿಲಿಮೀಟರಿಗೆ 250 ನ್ಯೂಟನ್ನಿನಷ್ಟಾಗುತ್ತದೆ. ಕಬ್ಬಿಣದ ಸರಳು ಬಿಗಿಯಲು ಬಳಸುವ ಮೆದು ತಂತಿ ಆ ಮಟ್ಟದಲ್ಲಿ ಹಿಗ್ಗಿದಂತೆಯೇ ಉಳಿದುಬಿಡಬಹುದು; ಆದ್ದರಿಂದ ಗಡುಸು ಉಕ್ಕಿನ ಪಿಯಾನೊ ತಂತಿಯನ್ನೇ ತರಿಸಿದೆ. ವ್ಯಾಸವು ಲೆಕ್ಕದಲ್ಲಿ ವರ್ಗವಾಗಿ ಬರುವುದರಿಂದ ಸ್ಕ್ರೂ ಗೇಜಿನಲ್ಲಿ (ಸಣ್ಣ ದಪ್ಪಗಳನ್ನು ಅಳೆಯುವ ತಿರುಪಿನ ಸಾಧನ) 0.01 ಮಿಲಿಮೀಟರ್ ವ್ಯತ್ಯಾಸವಾದರೂ ಉತ್ತರ 2 ಶೇಕಡಾ ಕದಲುತ್ತದೆ. ಒಂದೇ ಜಾಗದಲ್ಲಿ ಪರಸ್ಪರ ಲಂಬವಾದ ಎರಡು ದಿಕ್ಕುಗಳಲ್ಲಿ ಅಳೆಯುವುದು ಒಳ್ಳೆಯದು. ಮೇಲಿನ ತೊಲೆ ತಗ್ಗಿದರೆ ಅದೂ ತಂತಿಯ ಹಿಗ್ಗಿನೊಳಗೆ ಸೇರಿಬಿಡುತ್ತದೆಯಾದ್ದರಿಂದ ಕಂಬದ ಪಕ್ಕದಲ್ಲೇ ಕೊಕ್ಕೆ ಹಾಕಿದೆ.

ತೂಕದ ತಳಕ್ಕೆ ಚೂಪಾದ ಮೊಳೆಯನ್ನು ಕೂಡಿಸಿ, ನೆಲದ ಮೇಲೆ ತಿರುಪಿನಿಂದ ಏರಿಳಿಸಬಹುದಾದ ಹಲಗೆಯನ್ನಿಟ್ಟು, ಅದರ ಮೇಲೆ ಸೀಮೆಸುಣ್ಣ ಬಳಿದ ಕಾಗದವನ್ನು ಅಂಟಿಸಿದೆ. ನಿಂತ ತೂಕದ ಮೊಳೆ ತಾಗುವ ಮಟ್ಟಕ್ಕೂ ತೂಗಾಟದ ಮೊದಲ ಹಾಯುವಿಕೆಯಲ್ಲಿ ಕೂದಲೆಳೆಯಷ್ಟು ಗೀರು ಮೂಡುವ ಮಟ್ಟಕ್ಕೂ ಇರುವ ಅಂತರವೇ ಹೆಚ್ಚುವರಿ ಹಿಗ್ಗು. ಕೈಯಿಂದ ಬಿಟ್ಟರೆ ತಳ್ಳಿದಂತಾಗುವುದರಿಂದ, ತೂಕವನ್ನು ದಾರದಿಂದ ಪಕ್ಕಕ್ಕೆ ಎಳೆದು ಕಟ್ಟಿ, ದಾರವನ್ನು ಬೆಂಕಿಕಡ್ಡಿಯಿಂದ ಸುಡುತ್ತಿದ್ದೆ. 60 ಡಿಗ್ರಿಗೆ ಸುಮಾರು 3 ಮಿಲಿಮೀಟರ್ ಅಂತರ ಸಿಕ್ಕಿತು. ಆಗ ತೂಕ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಹಾಯುತ್ತದೆ. ಅದರ ಹಾದಿಯಲ್ಲಿ ಯಾರೂ ನಿಲ್ಲಕೂಡದು.

ತಗಡಿನ ಮಾಡಿನ ಗೋದಾಮಿನಲ್ಲಿ ಮಂಜು ಕವಿದ ಬೆಳಗಿಗೂ ಬಿಸಿಲೇರಿದ ಮಧ್ಯಾಹ್ನಕ್ಕೂ 10 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಾದರೆ, ಈ ತಂತಿ ಬರಿಯ ಶಾಖದಿಂದಲೇ 0.6 ಮಿಲಿಮೀಟರ್ ಉದ್ದವಾಗುತ್ತದೆ. 30 ಡಿಗ್ರಿಯ ತೂಗಾಟ ಕೊಡುವ ಹೆಚ್ಚುವರಿ ಹಿಗ್ಗು ಸುಮಾರು 0.8 ಮಿಲಿಮೀಟರ್ ಮಾತ್ರ. ಹೀಗಾಗಿ ಪ್ರತಿ ಬಾರಿಯೂ ನಿಂತ ತೂಕದ ಮಟ್ಟವನ್ನು ಹೊಸದಾಗಿ ಗುರುತಿಸಬೇಕು.

ವಿದ್ಯಾರ್ಥಿಗಳು ಕೇಳಿದ ಕೊಂಬೆಗೆ ಈ ಸೂತ್ರ ಒಪ್ಪುವುದು ಹಗ್ಗ ಮೊದಲೇ ಬಿಗಿಯಾಗಿದ್ದರೆ ಮಾತ್ರ. ಸಡಿಲವಿದ್ದರೆ ಲೆಕ್ಕವೇ ಬೇರೆ: ನಮ್ಮ ತಂತಿಯಲ್ಲಿ ತೂಕ 10 ಸೆಂಟಿಮೀಟರ್ ನೇರ ಬಿದ್ದು ತಡೆಯಲ್ಪಟ್ಟರೂ ಎಳೆತ ಸುಮಾರು 9 ಪಟ್ಟಾಗುತ್ತದೆ. ಹಗ್ಗ ಹೆಚ್ಚು ಹಿಗ್ಗುವುದರಿಂದ ಪೆಟ್ಟು ಕಡಿಮೆಯಾದೀತು, ಆದರೂ ಕಡಿಯುವ ಮುನ್ನ ಸಡಿಲವನ್ನು ಎಳೆದು ಕಟ್ಟಿರೆಂದೇ ಅವರಿಗೆ ಹೇಳುತ್ತೇನೆ.