ಮುಗಿಯದ ಲೈಫ್: ಹಳೆ ಟಿವಿ ಗೇಮ್‌ಗೆ ಚೀಟ್ ಕೋಡ್ ನೀವೇ ಹುಡುಕಿ

ದಸರಾ ವಸ್ತುಪ್ರದರ್ಶನದಲ್ಲಿ ಮಕ್ಕಳು ಹಠ ಹಿಡಿದು ಕೊಡಿಸಿಕೊಂಡ ಟಿವಿ ಗೇಮ್ ಮೈಸೂರಿನ ಎಷ್ಟೋ ಮನೆಗಳ ಅಟ್ಟದಲ್ಲಿ ಇಂದಿಗೂ ಇದ್ದೀತು. ನಮ್ಮಲ್ಲಿ ಮಾರಾಟವಾದವುಗಳಲ್ಲಿ ಬಹುಪಾಲು ನಿಂಟೆಂಡೊದ ಫ್ಯಾಮಿಕಾಮ್ ಯಂತ್ರದ ನಕಲುಗಳು. ಅದರಲ್ಲಿ ಕಾಂಟ್ರಾ ಆಡಿದವರಿಗೆ ಮೇಲೆ ಮೇಲೆ, ಕೆಳಗೆ ಕೆಳಗೆ ಎಂದು ಶುರುವಾಗುವ 30 ಲೈಫ್‌ನ ಗುಟ್ಟು ಗೊತ್ತೇ ಇರುತ್ತದೆ. ಅದನ್ನು ಬಚ್ಚಿಟ್ಟವರು ಆಟ ತಯಾರಿಸಿದವರೇ. ಅವರು ಏನೂ ಬಚ್ಚಿಡದ ಆಟದಲ್ಲೂ ನಾವೇ ಇಂಥ ಚೀಟ್ ಕೋಡ್, ಅಂದರೆ ಆಟದ ನಿಯಮ ತಪ್ಪಿಸುವ ಗುಟ್ಟಿನ ಸಂಕೇತ, ಮಾಡಿಕೊಳ್ಳಬಹುದು. ಕಂಪ್ಯೂಟರ್ ಒಳಗೆ ಏನು ನಡೆಯುತ್ತದೆ ಎಂದು ತಿಳಿಯಲು ಶಾಲಾ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಬೇಕಾಗುವುದು ಒಂದು ಸಾಧಾರಣ ಕಂಪ್ಯೂಟರ್ ಮತ್ತು ಎಫ್‌ಸಿಇಯುಎಕ್ಸ್ ಎಂಬ ಉಚಿತ ಎಮ್ಯುಲೇಟರ್. ಹಳೆ ಯಂತ್ರದ ಕೆಲಸವನ್ನು ಕಂಪ್ಯೂಟರಿನಲ್ಲೇ ಮಾಡುವ ಈ ತಂತ್ರಾಂಶದಲ್ಲಿ ಹುಡುಕುವ ಸಾಧನಗಳೂ ಸೇರಿವೆ. ಆಟಗಳಿಗೆ ಹಕ್ಕುಸ್ವಾಮ್ಯ ಇದೆ. ಹಾಗಾಗಿ ನಿಮ್ಮದೇ ಕ್ಯಾಸೆಟ್‌ನಿಂದ ತೆಗೆದ ಪ್ರತಿ ಅಥವಾ ಹವ್ಯಾಸಿಗಳು ಬರೆದು ಉಚಿತವಾಗಿ ಹಂಚುವ ಆಟ ಬಳಸಿ.

ಇಲ್ಲಿ ಉದಾಹರಣೆಗೆ ಸೂಪರ್ ಮಾರಿಯೋ ಬ್ರದರ್ಸ್ ತೆಗೆದುಕೊಳ್ಳೋಣ. ಈ ಯಂತ್ರದ ಕೆಲಸದ ಮೆಮೊರಿ ಬರೀ 2 ಕೆಬಿ, ಅಂದರೆ 2048 ಬೈಟ್. ಒಂದೊಂದು ಬೈಟ್ ಕೂಡ 0ಯಿಂದ 255ರ ತನಕದ ಒಂದು ಸಂಖ್ಯೆ ಹಿಡಿಯುವ ಖಾನೆ. ನಿಮ್ಮ ಲೈಫ್‌ನ ಲೆಕ್ಕ ಅದರಲ್ಲಿ ಎಲ್ಲೋ ಒಂದು ಕಡೆ ಕೂತಿದೆ. ಪರದೆಯ ಮೇಲೆ 3 ಕಾಣುತ್ತದೆಂದು 3ನ್ನೇ ಹುಡುಕಿದರೆ ಸಿಗುವುದಿಲ್ಲ. ಮಾರಿಯೋ ಒಳಗೆ 2 ಎಂದು ಬರೆದುಕೊಂಡು, ತೋರಿಸುವಾಗ ಒಂದು ಸೇರಿಸುತ್ತದೆ. ಹಾಗಾಗಿ ಸಂಖ್ಯೆಯ ಗೊಡವೆ ಬಿಟ್ಟು ಏರಿಳಿತ ನೋಡುವುದೇ ಸರಿಯಾದ ದಾರಿ.

ಆಟ ಶುರು ಮಾಡಿ, ರ‍್ಯಾಮ್ ಸರ್ಚ್ ಕಿಟಕಿ ತೆರೆದು, ಅದರಲ್ಲಿರುವ ರೀಸೆಟ್ ಒತ್ತಿ. ಒಂದು ಲೈಫ್ ಕಳೆದುಕೊಳ್ಳಿ. ಈಗ ‘ಹಿಂದಿನ ಬೆಲೆಗಿಂತ ಕಡಿಮೆ’ ಎಂಬ ಆಯ್ಕೆಯಲ್ಲಿ ಹುಡುಕಿ. ಇಲ್ಲಿ ಬೆಲೆ ಅಂದರೆ ಖಾನೆಯಲ್ಲಿ ಬರೆದಿರುವ ಸಂಖ್ಯೆ. ಬಳಿಕ ಲೈಫ್ ಹೋಗದಂತೆ ಸ್ವಲ್ಪ ಓಡಾಡಿ, ನಾಣ್ಯ ಹೆಕ್ಕಿ, ‘ಹಿಂದಿನಷ್ಟೇ’ ಎಂದು ಹುಡುಕಿ. ಮತ್ತೆ ಸಾಯಿರಿ, ಮತ್ತೆ ‘ಕಡಿಮೆ’. ಹಸಿರು ಅಣಬೆ ಸಿಕ್ಕಿ ಲೈಫ್ ಹೆಚ್ಚಾದರೆ ‘ಹೆಚ್ಚು’. ಮೊರದಲ್ಲಿ ರಾಗಿ ಕೇರಿದ ಹಾಗೆ ಪ್ರತಿ ಸುತ್ತಿನಲ್ಲೂ ಬೇಡದ್ದು ಹಾರಿಹೋಗುತ್ತದೆ. ಕೊನೆಗೆ ಉಳಿಯುವ ವಿಳಾಸ, ಅಂದರೆ ಲೈಫ್ ಲೆಕ್ಕ ಕೂತಿರುವ ಖಾನೆಯ ಸಂಖ್ಯೆ, 075ಎ. ಇದು ಎ ಯಿಂದ ಎಫ್ ತನಕದ ಅಕ್ಷರಗಳನ್ನೂ ಅಂಕಿಗಳಾಗಿ ಬಳಸುವ ಹದಿನಾರರ ಎಣಿಕೆಯ ಬರಹ, ನಮ್ಮ ಎಣಿಕೆಯಲ್ಲಿ 1882. ಲೈಫ್ ಮುಗಿಯುವ ಮುನ್ನ ಸೇವ್ ಸ್ಟೇಟ್ ಮಾಡಿ, ಅಂದರೆ ಆಟವನ್ನು ಆ ಕ್ಷಣದಲ್ಲಿದ್ದ ಹಾಗೆಯೇ ಉಳಿಸಿ, ಇಟ್ಟುಕೊಂಡರೆ ಮೊದಲಿಂದ ಆಡುವ ಕಷ್ಟ ತಪ್ಪುತ್ತದೆ.

ವಿಳಾಸ ಸಿಕ್ಕಿದ ಮೇಲೆ ಚೀಟ್ಸ್ ಪಟ್ಟಿಗೆ ಅದನ್ನು ಸೇರಿಸಿ ಬೆಲೆ 8 ಎಂದು ಕೊಡಿ. ಎಮ್ಯುಲೇಟರ್ ಅಲ್ಲಿ 8ನ್ನೇ ಮತ್ತೆ ಮತ್ತೆ ಬರೆಯುತ್ತಿರುತ್ತದೆ, ಪರದೆಯಲ್ಲಿ 9 ಕಾಣುತ್ತದೆ. ಆಸೆಪಟ್ಟು 255 ಹಾಕಬೇಡಿ. 127 ದಾಟಿದ ಬೆಲೆಯನ್ನು ಈ ಆಟ ಸೊನ್ನೆಗಿಂತ ಕಡಿಮೆ ಎಂದು ಓದುತ್ತದೆ. ಒಮ್ಮೆ ಬಿದ್ದರೆ ಸೀದಾ ಗೇಮ್ ಓವರ್.

ಇಷ್ಟಕ್ಕೇ ನಿಲ್ಲಿಸುವವರು ನಿಲ್ಲಿಸಬಹುದು. ನನಗೆ ಇಷ್ಟವಾದ ಭಾಗ ಇದರ ಮುಂದಿನದು. ಬೆಲೆಯನ್ನು ಕಟ್ಟಿಹಾಕುವ ಬದಲು, ಅದನ್ನು ಕಡಿಮೆ ಮಾಡುವ ಆಜ್ಞೆಯನ್ನೇ ಹಿಡಿಯಬಹುದು. ಚೀಟ್ ತೆಗೆದುಹಾಕಿ, ಆಟದ ಆಜ್ಞೆಗಳನ್ನು ಒಂದೊಂದಾಗಿ ತೋರಿಸುವ ಡಿಬಗರ್ ತೆರೆದು, 075ಎ ವಿಳಾಸಕ್ಕೆ ಯಾರಾದರೂ ಬರೆದರೆ ಆಟ ನಿಲ್ಲಲಿ ಎಂದು ಬ್ರೇಕ್‌ಪಾಯಿಂಟ್ ಇಡಿ. ಮಾರಿಯೋನನ್ನು ಗುಂಡಿಗೆ ಬೀಳಿಸಿ. ಆಟ ತಟ್ಟನೆ ನಿಂತು, ಕ್ಯಾಸೆಟ್ಟಿನಲ್ಲಿರುವ ಆಟದ ಆಜ್ಞೆಗಳ ನಡುವೆ 91ಡಿ9 ಎಂಬ ಜಾಗ ತೋರಿಸುತ್ತದೆ. ಅಲ್ಲಿರುವ ಬೈಟ್ ಸಿಇ, ಅಂದರೆ ‘ಒಂದು ಕಳೆ’. ಅದನ್ನು ಎಡಿ ಎಂದು ಬದಲಿಸಿದರೆ ‘ಸುಮ್ಮನೆ ಓದು’ ಎಂದಾಗುತ್ತದೆ. ಎರಡು ಆಜ್ಞೆಗಳ ಉದ್ದವೂ ಮೂರು ಬೈಟ್, ಹಾಗಾಗಿ ಮುಂದಿನ ಸಾಲುಗಳು ಕೆಡುವುದಿಲ್ಲ. ಒಂದೇ ಬೈಟ್ ಬದಲಾಯಿತು, ಲೈಫ್ ಇನ್ನು ಮುಗಿಯುವುದಿಲ್ಲ.

ಈ ವಿಳಾಸವನ್ನೂ ಬೆಲೆಯನ್ನೂ ಎಮ್ಯುಲೇಟರ್‌ನ ಗೇಮ್ ಜಿನಿ ಎನ್‌ಕೋಡರ್‌ಗೆ ಕೊಟ್ಟರೆ ಎಸ್-ಎಕ್ಸ್-ಐ-ಓ-ಪಿ-ಓ ಎಂಬ ಆರಕ್ಷರ ಬರುತ್ತದೆ. ಕ್ಯಾಸೆಟ್ ಮತ್ತು ಯಂತ್ರದ ನಡುವೆ ಸಿಕ್ಕಿಸುವ ಗೇಮ್ ಜಿನಿ ಎಂಬ ಉಪಕರಣವನ್ನು ಬ್ರಿಟನ್ನಿನ ಕೋಡ್‌ಮಾಸ್ಟರ್ಸ್ ರೂಪಿಸಿತ್ತು. ಯಂತ್ರ ಆ ಜಾಗವನ್ನು ಓದಲು ಹೋದಾಗ ಕ್ಯಾಸೆಟ್‌ನ ಬೈಟ್ ತಡೆದು ತನ್ನದನ್ನು ಕೊಡುವುದೇ ಅದರ ಕೆಲಸ. ಇದರ ಮಾರಾಟ ತಡೆಯಲು ನಿಂಟೆಂಡೊ ಅಮೆರಿಕದ ನ್ಯಾಯಾಲಯದಲ್ಲಿ ಹೋರಾಡಿ, 1992ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ದೊಡ್ಡ ಕ್ಯಾಸೆಟ್‌ಗಳಲ್ಲಿ ಒಂದೇ ವಿಳಾಸಕ್ಕೆ ಬೇರೆ ಬೇರೆ ಭಾಗಗಳು ಬಂದು ಕೂರುವುದರಿಂದ ಎಂಟು ಅಕ್ಷರದ ಕೋಡ್ ಬೇಕು. ಮೊದಲಿದ್ದ ಬೈಟ್ ಇಂಥದ್ದೇ ಇದ್ದರೆ ಮಾತ್ರ ಬದಲಿಸು ಎಂಬ ಷರತ್ತು ಅದರಲ್ಲಿರುತ್ತದೆ.

ಅಭ್ಯಾಸಕ್ಕೆ ಮುಂದೆ ಟೈಮರ್ ಹುಡುಕಿ. 400 ಎಂಬ ಸಂಖ್ಯೆಯನ್ನು ಇಡಿಯಾಗಿ ಹುಡುಕಬೇಡಿ, ಪ್ರತಿ ಅಂಕಿಗೂ ಒಂದೊಂದು ಬೈಟ್ ಇದೆ. ನೂರರ ಸ್ಥಾನ 07ಎಫ್8ರಲ್ಲಿದೆ. ಅದನ್ನು 4ಕ್ಕೆ ಕಟ್ಟಿಹಾಕಿದರೆ ಸಮಯ ಮುಗಿಯುವುದೇ ಇಲ್ಲ. ಆದರೆ ಬಾವುಟ ಮುಟ್ಟುವ ಮೊದಲು ಚೀಟ್ ಆಫ್ ಮಾಡಿ. ಉಳಿದ ಸಮಯ ಸೊನ್ನೆಗೆ ಇಳಿಯುವ ತನಕ ಆಟ ಅಂಕ ಕೊಡುತ್ತಲೇ ಇರುತ್ತದೆ, ಚೀಟ್ ಇದ್ದರೆ ಅದು ಸೊನ್ನೆಯಾಗುವುದೇ ಇಲ್ಲ, ಆಟ ಮುಂದಿನ ಹಂತಕ್ಕೂ ಹೋಗುವುದಿಲ್ಲ.