ಕಾಫಿ ಬಿದ್ದ ಲ್ಯಾಪ್‌ಟಾಪ್: ಮೊದಲು ಫೈಲು, ಆಮೇಲೆ ಯಂತ್ರ

ಲ್ಯಾಪ್‌ಟಾಪ್ ಮೇಲೆ ಏನೇ ಚೆಲ್ಲಿದರೂ ಗೋಡೆಯ ಸ್ವಿಚ್ ಆರಿಸಿ, ಚಾರ್ಜರ್ ಕಿತ್ತು, ಪರದೆ ಆರುವವರೆಗೆ ಪವರ್ ಬಟನ್ ಒತ್ತಿ ಹಿಡಿಯಬೇಕು. ಸುಮಾರು 10 ಸೆಕೆಂಡ್ ಸಾಕು. ಫೈಲು ಸೇವ್ ಮಾಡಿ, ಶಟ್‌ಡೌನ್ ಆಗುವುದನ್ನು ಕಾಯುತ್ತ ಕೂರುವ ಹೊತ್ತಲ್ಲ ಅದು. ಆಮೇಲೆ ಕೀಬೋರ್ಡ್ ಕೆಳಮುಖವಾಗುವಂತೆ, ಮನೆಯ ಮಾಡಿನ ಹಾಗೆ ಟವೆಲ್ ಮೇಲೆ ಕವುಚಿ ಇಡುತ್ತೇನೆ. ಅಲ್ಲಾಡಿಸಿದರೆ ದ್ರವ ಇಲ್ಲದ ಕಡೆಗೂ ಹರಿಯುತ್ತದೆ.

ಆಫ್ ಮಾಡಿದ ಮಾತ್ರಕ್ಕೆ ಒಳಗಿನ ವಿದ್ಯುತ್ ನಿಲ್ಲುವುದಿಲ್ಲ. ಬ್ಯಾಟರಿಯ ವೋಲ್ಟೇಜ್ (ಹಲವು ಯಂತ್ರಗಳಲ್ಲಿ ಸುಮಾರು 11 ವೋಲ್ಟ್) ಮದರ್‌ಬೋರ್ಡಿಗೆ ತಲುಪುತ್ತಲೇ ಇರುತ್ತದೆ, 3.3 ಮತ್ತು 5 ವೋಲ್ಟ್‌ನ ಕೆಲವು ಲೈನ್‌ಗಳೂ ಜೀವಂತವಾಗಿರುತ್ತವೆ. ಉಪ್ಪು, ಸಕ್ಕರೆ, ಹಾಲು ಕೂಡಿದ ದ್ರವದಲ್ಲಿ ಈ ವೋಲ್ಟೇಜ್ ಇದ್ದರೆ ತಾಮ್ರ ಕರಗತೊಡಗುತ್ತದೆ, ಕನೆಕ್ಟರ್ ಪಿನ್‌ಗಳ ನಡುವೆ ಹಸಿರು ಕಿಲುಬು ಬೆಳೆಯುತ್ತದೆ. ಹಾಗಾಗಿ ಹಿಂಬದಿ ಕವಚ ತೆಗೆದು ಬ್ಯಾಟರಿ ಕನೆಕ್ಟರನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸುವುದೇ ನನ್ನ ಮಟ್ಟಿಗೆ ನಿಜವಾದ ಪ್ರಥಮ ಚಿಕಿತ್ಸೆ. ಲೋಹದ ಸ್ಕ್ರೂಡ್ರೈವರ್ ಅಲ್ಲಿ ಬೇಡವೇ ಬೇಡ. ಬ್ಯಾಟರಿ ಉಬ್ಬಿದ್ದರೆ ಅಥವಾ ಬಿಸಿಯಾಗಿದ್ದರೆ ಅದನ್ನು ಬಿಡಿಸಲು ಹೋಗದೆ, ಲ್ಯಾಪ್‌ಟಾಪನ್ನೇ ಬೆಂಕಿ ಹತ್ತುವ ವಸ್ತುಗಳಿಂದ ದೂರ, ತೆರೆದ ಜಾಗದಲ್ಲಿ ಇಟ್ಟು ತಿಳಿದವರನ್ನು ಕರೆಯಿರಿ.

ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಪ್ರಯೋಜನವಿಲ್ಲ. ಚಿಪ್ ಅಡಿಯ ನೀರನ್ನು ಅಕ್ಕಿ ಎಳೆಯುವುದಿಲ್ಲ, ಧೂಳು ಮಾತ್ರ ಒಳಸೇರುತ್ತದೆ. ಹೇರ್ ಡ್ರೈಯರ್ ಗಾಳಿ ದ್ರವವನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ.

ಬರಿ ನೀರಾದರೆ ಒಣಗಿಸಿದರೆ ಆದೀತು. ನಮ್ಮ ಮನೆಗಳಲ್ಲಿ ಚೆಲ್ಲುವುದು ಹೆಚ್ಚಾಗಿ ಹಾಲು, ಸಕ್ಕರೆ ಹಾಕಿದ ಕಾಫಿ, ಟೀ. ಅವು ಒಣಗಿದ ಮೇಲೆ ಉಳಿಯುವ ಅಂಟು ಗಾಳಿಯ ತೇವ ಹೀರಿ ವಾರಗಳ ನಂತರವೂ ಬೋರ್ಡನ್ನು ತಿನ್ನುತ್ತದೆ. ‘ಒಣಗಿಸಿದೆ, ಚೆನ್ನಾಗಿ ನಡೀತಿತ್ತು, ಆಮೇಲೆ ಸತ್ತುಹೋಯ್ತು’ ಎನ್ನುವ ಯಂತ್ರಗಳ ಕಥೆ ಇದೇ. ಇಲ್ಲಿ ತೊಳೆಯಲೇಬೇಕು. ಎಲೆಕ್ಟ್ರಾನಿಕ್ಸ್ ಒರೆಸಲು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಸಕ್ಕರೆ ಚೆನ್ನಾಗಿ ಕರಗುವುದಿಲ್ಲ. ಆದ್ದರಿಂದ ಬೋರ್ಡನ್ನು ಹೊರತೆಗೆದು, ಅದರ ಮೇಲಿನ ಗುಂಡಿ ಸೆಲ್ (ನಾಣ್ಯದಂಥ ಚಿಕ್ಕ ಬ್ಯಾಟರಿ) ಬಿಚ್ಚಿ, ಮೊದಲು ಡಿಸ್ಟಿಲ್ಡ್ ವಾಟರ್ ಮತ್ತು ಮೆತ್ತನೆ ಟೂತ್‌ಬ್ರಷ್, ಆಮೇಲೆ ನೀರನ್ನು ಓಡಿಸಲು 99% ಐಸೊಪ್ರೊಪೈಲ್. ಮೆಡಿಕಲ್ ಶಾಪಿನ 70% ಬಾಟಲಿಯಲ್ಲಿ ಉಳಿದದ್ದು ಬಹುಪಾಲು ನೀರೇ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 99% ಸಿಗುತ್ತದೆ. ಡಿಸ್ಟಿಲ್ಡ್ ವಾಟರ್ ಇನ್ವರ್ಟರ್ ಬ್ಯಾಟರಿ ಮಾರುವ ಕಡೆ ಸಿಗುತ್ತದೆ. ಅಲ್ಲೇ ಮಾರುವ ಆಸಿಡ್ ಬಾಟಲಿಯನ್ನು ತಪ್ಪಿ ತರಬೇಡಿ. ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುತ್ತದೆ, ಕಿಟಕಿ ತೆರೆದು, ಒಲೆಯಿಂದ ದೂರ ಕೂತು ಮಾಡಿ. ಫ್ಯಾನ್ ಗಾಳಿಯಲ್ಲಿ 24ರಿಂದ 48 ಗಂಟೆ ಒಣಗಿಸುತ್ತೇನೆ. ಕರಾವಳಿಯ ಮಳೆಗಾಲದಲ್ಲಿ ಅದೂ ಸಾಲದು.

ಆದರೆ ಇಷ್ಟೆಲ್ಲ ಒಣಗುವವರೆಗೆ ಫೈಲುಗಳಿಗಾಗಿ ಕಾಯಬೇಕಿಲ್ಲ. ಬಿಡಿಸಬಹುದಾದ ಎಸ್‌ಎಸ್‌ಡಿ (ಫೈಲುಗಳು ಉಳಿಯುವ ಡ್ರೈವ್) ಇದ್ದರೆ ಅದನ್ನು ಮೊದಲೇ ತೆಗೆದು, ಚಿನ್ನದ ಬಣ್ಣದ ಪಟ್ಟಿಗಳನ್ನು ಐಸೊಪ್ರೊಪೈಲ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸುತ್ತೇನೆ. ಎಂ.2 ಎಂಬ ಕಡ್ಡಿಯಂಥ ಎಸ್‌ಎಸ್‌ಡಿಗಳಲ್ಲಿ ಎರಡು ಬಗೆ: ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ಕೇಸೂ ಅದಕ್ಕೆ ತಕ್ಕದ್ದೇ ಬೇಕು, ಇಲ್ಲವಾದರೆ ಡ್ರೈವ್ ಕಾಣಿಸುವುದೇ ಇಲ್ಲ. ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಎಂದರೆ ಬೇಡ ಎನ್ನಿ. ಬೀಗದ ಚಿತ್ರ ಕಂಡರೆ ಅದು ಬಿಟ್‌ಲಾಕರ್, ಅಂದರೆ ಡ್ರೈವಿಗೆ ವಿಂಡೋಸ್ ಹಾಕಿದ ಬೀಗ. ಅದರ ಬೀಗದ ಕೈ ಹಳೆಯ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿದೆ, ಆದ್ದರಿಂದ 48 ಅಂಕಿಯ ರಿಕವರಿ ಕೀ ಬೇಕೇ ಬೇಕು. ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದಲೇ ಲಾಗಿನ್ ಆಗಿ ನೋಡಿ. ಹಲವು ಕೀಗಳಿದ್ದರೆ ಪರದೆಯ ಕೀ ಐಡಿಗೆ ಹೊಂದುವುದನ್ನು ಆರಿಸಿ.

ಹಳೆಯ ಹಾರ್ಡ್ ಡಿಸ್ಕ್ ವಿಷಯದಲ್ಲಿ ನಾನು ಹೆಚ್ಚು ಹುಷಾರು. ಅದರ ಮೇಲೊಂದು ಗಾಳಿಯ ಸಣ್ಣ ರಂಧ್ರ ಇರುತ್ತದೆ; ದ್ರವ ಅಲ್ಲಿಂದ ಇಳಿದಿರುವ ಅನುಮಾನವಿದ್ದರೆ ಕರೆಂಟೇ ಕೊಡದೆ ಡೇಟಾ ರಿಕವರಿ ಲ್ಯಾಬಿಗೆ ಕಳಿಸುತ್ತೇನೆ. ‘ಟಕ್ ಟಕ್’ ಸದ್ದು ಬಂದರೆ ಕೂಡಲೇ ನಿಲ್ಲಿಸಿ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ತಂದು ಹಾಕಿದರೆ ನಡೆಯುವ ಕಾಲ ಹೋಯಿತು. ಆಯಾ ಡಿಸ್ಕಿಗೇ ಹೊಂದಿಸಿದ ಮಾಹಿತಿ ಅದರ ಸ್ವಂತ ಬೋರ್ಡಿನ ರೋಮ್ ಚಿಪ್‌ನಲ್ಲಿರುತ್ತದೆ. ಓದುವಾಗ ಮಧ್ಯೆ ತಡೆಯುವ ಡಿಸ್ಕನ್ನು ಫೈಲು ಫೈಲಾಗಿ ನಕಲು ಮಾಡದೆ, ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿನ ಇಮೇಜ್ (ಪೂರ್ತಿ ಪ್ರತಿ) ತೆಗೆಯುತ್ತೇನೆ. ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಅದರ ಮ್ಯಾಪ್ ಫೈಲು ಜೊತೆಗಿಟ್ಟರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

2018ರಿಂದ ಬಂದ ಟಿ2 ಚಿಪ್‌ನ ಮ್ಯಾಕ್‌ಬುಕ್, 2020ರಿಂದ ಬಂದ ಎಂ ಸರಣಿಯ ಮ್ಯಾಕ್‌ಬುಕ್‌ಗಳಲ್ಲಿ ಡ್ರೈವ್ ಬಿಡಿಸಿ ಫೈಲು ತೆಗೆಯುವ ಈ ದಾರಿ ಇಲ್ಲ. ಫೈಲುಗಳಿರುವ ಮೆಮೊರಿ ಚಿಪ್‌ಗಳು ಬೋರ್ಡಿಗೇ ಬೆಸುಗೆಯಾಗಿವೆ, ಡೇಟಾ ಆ ಬೋರ್ಡಿನ ಟಿ2 ಅಥವಾ ಎಂ ಚಿಪ್‌ಗೆ ಬೀಗ ಹಾಕಿಕೊಂಡಿದೆ. ಬೋರ್ಡನ್ನು ಒಂದೇ ಸಲ ಬೂಟ್ ಆಗುವಷ್ಟಾದರೂ ದುರಸ್ತಿ ಮಾಡಬೇಕು. ಸರ್ವಿಸ್‌ಗೆ ಕೊಡುವಾಗ ‘ಬೋರ್ಡ್ ಬದಲಿಸಬೇಡಿ, ಡೇಟಾ ಬೇಕು’ ಎಂದು ರಸೀದಿಯ ಮೇಲೆಯೇ ಬರೆಸಿ. ಹೊಸ ಬೋರ್ಡ್ ಹಾಕಿಸಿಕೊಂಡು ಹಳೆಯದನ್ನು ಅಲ್ಲೇ ಬಿಟ್ಟು ಬಂದರೆ ಫೈಲುಗಳೂ ಅದರ ಜೊತೆಗೇ ಹೋಗುತ್ತವೆ.